ಜವಳ

ಸೀಗೆಹಟ್ಟಿಯ ತಿರುವಿನಲ್ಲಿ ನನ್ನದು
ಎರಡು ಕುರ್ಚಿಯ ಅಂಗಡಿ; ಒಂದು ತಿರುಗುವುದಿಲ್ಲ.
ಮುಖಗಳು ನನಗೆ ನೆನಪಿರುವುದಿಲ್ಲ,
ಅವು ಕನ್ನಡಿಯ ಪಾಲು.
ನನಗೆ ಗೊತ್ತಿರುವುದು ಹಿಂದಲೆ:
ಯಾರ ಸುಳಿ ಎತ್ತ ತಿರುಗುತ್ತದೆ,
ಯಾರ ಕುತ್ತಿಗೆಯ ಕೂದಲು ನಡುವೆ ಇಳಿದು ಬಾಲವಾಗುತ್ತದೆ,
ಯಾವ ಅಪ್ಪನ ಕಿವಿ ಯಾವ ಮಗನಿಗೆ ಹೋಗಿ
ಯಾವ ಮಗನಿಗೆ ತಪ್ಪಿತು.

ಆ ಹುಡುಗ ಬಂದದ್ದು ಒಂದು ಬುಧವಾರ,
ಸುಡುಬೇಸಿಗೆಯಲ್ಲಿ, ಉಣ್ಣೆಯ ಟೋಪಿ ಹಾಕಿಕೊಂಡು.
ಅಂಗಡಿ ಖಾಲಿಯಾಗುವ ತನಕ ಹಳೆಯ ಪೇಪರು ತಿರುವುತ್ತ ಕೂತ.
ಹೆಸರು ಲೋಹಿತ, ಸ್ಕೂಟರ್ ಶೋರೂಮಿನಲ್ಲಿ ಕೆಲಸ.
"ನಾಳೆ ಹೆಣ್ಣು ನೋಡೋಕೆ ಹೋಗೋದಿದೆ. ಇದನ್ನ ಕಪ್ಪು ಮಾಡಿ."
ಟೋಪಿ ತೆಗೆದ.

ಹಣೆಯ ನಟ್ಟನಡುವೆ ಒಂದು ಬಿಳಿ ಜೊಂಪೆ,
ಬುಡದ ಚರ್ಮವೂ ಅಷ್ಟೇ ಬಿಳಿ,
ಬಾಳೆಲೆಯ ತುದಿಗೆ ಉಪ್ಪು ಬಡಿಸಿದ ಹಾಗೆ.
"ತೊನ್ನಲ್ಲ," ಅಂದ, ನಾನು ಕೇಳುವ ಮೊದಲೇ.
"ಗೊತ್ತು," ಅಂದೆ.

ಗೊತ್ತಿತ್ತು.
ನನ್ನಪ್ಪ ಶರಾವತಿ ದಂಡೆಯ ಏಳು ಊರಿಗೆ
ಹಡಪ ಹೊತ್ತು ನಡೆದವನು,
ತಲೆ ಎಣಿಸದೆ ಮನೆ ಎಣಿಸಿ
ಸುಗ್ಗಿಗೆ ಭತ್ತ ಅಳೆಸಿಕೊಂಡವನು.
ಹಾಲುಗೋಡಿನ ತೇಕಪ್ಪನ ಮನೆಯಲ್ಲಿ
ಅಜ್ಜ, ಅಜ್ಜನ ತಂಗಿ, ಐದರಲ್ಲಿ ಮೂರು ಮಕ್ಕಳು
ಇದೇ ಉಪ್ಪನ್ನು ಹಣೆಗಿಟ್ಟುಕೊಂಡು ಹುಟ್ಟಿದ್ದರಂತೆ.
ಊರು ಅದನ್ನು ಕೊಕ್ಕರೆ ಮನೆ ಎನ್ನುತ್ತಿತ್ತು.
ನೀರು ಬಂತು. ಲಾರಿಗಳು ಬಂದವು.
ಕೊಕ್ಕರೆಗಳು ಯಾವ ಲಾರಿ ಹತ್ತಿದವೋ
ಅಪ್ಪ ನೋಡಲಿಲ್ಲ; ಅವನದೇ ಬೇರೆ ಲಾರಿ.

"ಯಾರ ಕಡೆಯಿಂದ ಬಂತು?"
"ಅಮ್ಮನಿಗಿತ್ತು. ತಲೆ ಮೇಲಿನ ಸೆರಗು ತೆಗೆದವಳೇ ಅಲ್ಲ."
"ಅವಳ ತವರು?"
"ಕೇಳಿದರೆ ನೀರು ಅಂತಿದ್ದಳು."

ಬ್ರಷ್ಷು ನಿಂತಿತು. ಮತ್ತೆ ಬಳಿದೆ.

ಮುನೀರ್ ಮೇಷ್ಟ್ರು ಎರಡನೇ ಶನಿವಾರಕ್ಕೊಮ್ಮೆ ಬರುತ್ತಾರೆ,
ಕಾಲೇಜಿನಲ್ಲಿ ಜೀವಶಾಸ್ತ್ರ, ತಲೆಯಲ್ಲಿ ನಲವತ್ತು ಕೂದಲು.
ಯಾರದೆಂದು ಹೇಳದೆ ಕೇಳಿದೆ.
"ಜೀನು ಕಣಯ್ಯ, ವಂಶವಾಹಿ.
ಮಗು ಬಸುರಲ್ಲಿದ್ದಾಗ ಬಣ್ಣದ ಕೋಶಗಳು
ಬೆನ್ನಿಂದ ಹೊರಟು ಮೈಯೆಲ್ಲ ಹರಡಬೇಕು.
ಎಲ್ಲೋ ಒಂದಕ್ಷರ ತಪ್ಪಿದರೆ
ಹಣೆ ಮುಟ್ಟೋ ಮೊದಲೇ ನಿಂತುಬಿಡ್ತವೆ.
ಅಚ್ಚಿನ ತಪ್ಪು, ಅಷ್ಟೇ.
ಹೆತ್ತವರಲ್ಲಿ ಒಬ್ಬರಿಗಿದ್ದರೆ ಮಗುವಿಗೆ
ಬರಬಹುದು, ಬಿಡಬಹುದು. ನಾಣ್ಯ ಚಿಮ್ಮಿದ ಹಾಗೆ."
"ತಪ್ಪೋ ಏನೋ ಸಾರ್, ನಮ್ಮಪ್ಪ ಅದನ್ನ
ವಿಳಾಸ ಅಂತ ಓದ್ತಿದ್ದ."
ನಕ್ಕರು. ತಲೆ ಅಲ್ಲಾಡಿ
ಇರುವ ನಲವತ್ತರಲ್ಲಿ ಎರಡು ಹೆಚ್ಚಿಗೆ ಹೋದವು.

ಹುಟ್ಟು ಗುಣ ಸುಟ್ಟರೂ ಹೋಗದು ಅಂದವರು
ನಮ್ಮಂಥ ಯಾರನ್ನೋ ಕೇಳಿಯೇ ಅಂದಿರಬೇಕು.
ಇಪ್ಪತ್ತೊಂದನೇ ದಿನಕ್ಕೆ ಬುಡ ಬೆಳ್ಳಗೆ ಇಣುಕುತ್ತದೆ,
ಹಿನ್ನೀರು ಇಳಿದಾಗ
ಯಾರದೋ ಜಗಲಿಯ ಕಲ್ಲು ಕಂಡ ಹಾಗೆ.
ಅವನು ಬರುತ್ತಾನೆ. ನಾನು ಮುಳುಗಿಸುತ್ತೇನೆ.
ಮದುವೆಯಾಯಿತು.
ಹೆಂಡತಿಗೆ ಹೇಳಿದನೋ ಇಲ್ಲವೋ ಕೇಳಿಲ್ಲ;
ತೇಕಪ್ಪನ ಮನೆಯ ಮಾತು ನಾನೂ ಹೇಳಿಲ್ಲ.
ಬಾಯಿತನಕ ಬರುತ್ತದೆ,
ಅಷ್ಟರಲ್ಲಿ ಕತ್ತರಿ ಮಾತಿಗೆ ಶುರುವಾಗುತ್ತದೆ.

ಮೊನ್ನೆ ಜವಳಕ್ಕೆ ಕರೆದರು.
ಸೋದರಮಾವನ ತೊಡೆಯ ಮೇಲೆ ಹೆಣ್ಣು ಕೂಸು,
ಅತ್ತು ಅತ್ತು ಕೆಂಪಾದ ಮೂಗು.
ಉಗುರುಬೆಚ್ಚಗಿನ ನೀರಲ್ಲಿ ನೆತ್ತಿ ನೆನೆಸಿ
ಹಣೆಯಿಂದ ಮೇಲಕ್ಕೆ ಬೆರಳಲ್ಲೇ ಬೈತಲೆ ತೆಗೆದು ನೋಡಿದೆ.
ಕಪ್ಪು. ಎಲ್ಲ ಕಪ್ಪು.
ಹನ್ನೊಂದು ತಿಂಗಳಿಂದ ಅದನ್ನೇ ನೋಡಿ ನಗುತ್ತಿದ್ದ ಲೋಹಿತ
ಈಗಲೂ ನಕ್ಕ. ನಾನೂ ನಕ್ಕೆ.
ಒಳಗೆ ಮಾತ್ರ ಯಾರೋ ಕದ ಎಳೆದುಕೊಂಡು ಹೋದ ಹಾಗೆ.
ನನ್ನದಲ್ಲದ ಮನೆ. ನನಗ್ಯಾಕೆ.

ಕೂಸಿನ ಅಜ್ಜಿ ಸಿಡುಕಿದಳು:
"ಶುಭ ಕೆಲಸಕ್ಕೆ ಎಡಗೈಲಿ ಕತ್ತಿಯೇನೋ?"
ನೋಡಿಕೊಂಡೆ. ಹೌದು, ಎಡಗೈ.
ಚಿಕ್ಕಂದಿನಲ್ಲಿ ಅಪ್ಪ ಬಡಿದು ಬಿಡಿಸಲು ನೋಡಿದ್ದ,
ಎಡಗೈಯಲ್ಲೇ ಬಡಿಯುತ್ತಿದ್ದ.